ಹತ್ತು ದಿನದ ಕರಾರಿನ ಕೆವಿನ್ ಓಲಿ: ಆಟಗಾರ ಕೋಚ್ ಆದ ಬಗೆ

ಕಾರವಾರದಲ್ಲಿ ನಾವು ಏಳೆಂಟು ಜನ ಸೇರಿ ಶಾಲೆ ಮಕ್ಕಳಿಗೆ ಬಾಸ್ಕೆಟ್‌ಬಾಲ್ ಹೇಳಿಕೊಡುವುದನ್ನು ಕಲಿಯುತ್ತಿದ್ದೇವೆ. ವಾರಕ್ಕೊಬ್ಬರು ಒಬ್ಬ ಆಟಗಾರನನ್ನೋ ಕೋಚನ್ನೋ ಓದಿಕೊಂಡು ಬರಬೇಕು, ಉಳಿದವರಿಗೆ ವಿವರಿಸಬೇಕು. ಈ ವಾರ ನನ್ನ ಪಾಳಿ. ಹೇಳಿದ್ದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ, ಶಿರಸಿ ಕಡೆಯಿಂದ ಬರಲಾಗದವರಿಗೂ ಸಿಗಲಿ ಅಂತ.

ನಾನು ಆರಿಸಿಕೊಂಡದ್ದು ಕೆವಿನ್ ಓಲಿ ಅವರನ್ನು. ಹೆಸರು ಹೇಳಿದ ಕೂಡಲೇ ಇಬ್ಬರು "ಯಾರದು?" ಎಂದು ಕೇಳಿದರು. ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ 13 ಸೀಸನ್ ಆಡಿದವರು. ಆದರೆ ಪಂದ್ಯಕ್ಕೆ ಸರಾಸರಿ ನಾಲ್ಕು ಅಂಕವನ್ನೂ ಮುಟ್ಟಿದವರಲ್ಲ. ಪೋಸ್ಟರ್ ಮೇಲೆ ಬಂದ ಮುಖ ಅಲ್ಲ. ನನಗೆ ಬೇಕಾದದ್ದೂ ಅಂಥವರೇ. ನಾವು ಕಲಿಸುವ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬೆಂಚಿನ ಮೇಲೆ ಕೂರುವವರು, ಅಲ್ವಾ? ಬೆಂಚಿನ ಮೇಲೆ ಕೂತು ಒಬ್ಬ ಏನೇನು ಕಲಿಯಬಹುದು ಅನ್ನುವುದಕ್ಕೆ ಓಲಿಗಿಂತ ಒಳ್ಳೆ ಉದಾಹರಣೆ ನನಗೆ ಸಿಗಲಿಲ್ಲ.

ಶುರುವಾದದ್ದು

ಹುಟ್ಟಿದ್ದು 1972ರಲ್ಲಿ ಡಲ್ಲಾಸ್‌ನಲ್ಲಿ, ಬೆಳೆದದ್ದು ಲಾಸ್ ಏಂಜಲೀಸ್‌ನಲ್ಲಿ. 1991ರಿಂದ 95ರವರೆಗೆ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡದಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ತಂದು ತಂಡದ ಆಟ ನಡೆಸುವವರು. ಕೋಚ್ ಜಿಮ್ ಕ್ಯಾಲ್ಹೂನ್. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. 1995ರ ಡ್ರಾಫ್ಟ್‌ನಲ್ಲಿ 58 ಹೆಸರು ಕೂಗಿದರು. ಓಲಿ ಹೆಸರು ಬರಲಿಲ್ಲ. ಅವರು ಮನೆಗೆ ಹೋಗಿ ಕೂರಲಿಲ್ಲ. ಆಗ ಎನ್‌ಬಿಎಗಿಂತ ಒಂದು ಮೆಟ್ಟಿಲು ಕೆಳಗೆ ಸಿಬಿಎ ಅಂತ ಒಂದು ಲೀಗ್ ಇತ್ತು. ಅಲ್ಲಿನ ಕನೆಕ್ಟಿಕಟ್ ಪ್ರೈಡ್ ತಂಡಕ್ಕೆ ಆಡಿದರು. ಎನ್‌ಬಿಎ ಬಾಗಿಲು ತೆರೆದದ್ದು 1997ರಲ್ಲಿ, ಡಲ್ಲಾಸ್ ತಂಡದಿಂದ. ಅದೂ ಪೂರ್ತಿ ತೆರೆಯಲಿಲ್ಲ. ಅದೇ ಸೀಸನ್‌ನಲ್ಲಿ ಒರ್ಲಾಂಡೊಗೆ ಹೋದರು.

ಹತ್ತು ದಿನದ ಕರಾರು ಅಂದರೆ ಏನು

ಇದು ಅರ್ಥವಾಗದೆ ಓಲಿ ಅರ್ಥವಾಗುವುದಿಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಎನ್‌ಬಿಎಯಲ್ಲಿ ಪ್ರತಿ ವರ್ಷ ಜನವರಿ ಮೊದಲ ವಾರದಿಂದ ತಂಡಗಳು ಒಬ್ಬ ಆಟಗಾರನನ್ನು ಬರೀ ಹತ್ತು ದಿನದ ಮಟ್ಟಿಗೆ ಕರೆದುಕೊಳ್ಳಬಹುದು. ಯಾರಿಗೋ ಪೆಟ್ಟಾಗಿರುತ್ತದೆ, ಜಾಗ ಖಾಲಿ ಇರುತ್ತದೆ. ಹತ್ತು ದಿನ ಮುಗಿದ ಮೇಲೆ ಬೇಕಾದರೆ ಇನ್ನೊಮ್ಮೆ ಹತ್ತು ದಿನ ಕೊಡಬಹುದು. ಅದೂ ಮುಗಿದರೆ ಎರಡೇ ದಾರಿ. ಸೀಸನ್ ಮುಗಿಯುವವರೆಗೆ ಇಟ್ಟುಕೊಳ್ಳಬೇಕು, ಇಲ್ಲವೇ ಕಳಿಸಬೇಕು.

ಈಗ ಆ ಆಟಗಾರನ ಜಾಗದಲ್ಲಿ ನಿಂತು ನೋಡಿ. ಹೊಸ ಊರು, ಹೊಸ ಕೋಚ್. ತಂಡದ ಆಟದ ಪುಸ್ತಕದಲ್ಲಿ ಹತ್ತಾರು ತಂತ್ರಗಳು, ಪ್ರತಿಯೊಂದಕ್ಕೂ ಬೇರೆ ಹೆಸರು. ಪಾಯಿಂಟ್ ಗಾರ್ಡ್ ಆದವನಿಗೆ ತನ್ನ ಜಾಗ ಮಾತ್ರ ಗೊತ್ತಿದ್ದರೆ ಸಾಲದು. ಉಳಿದ ನಾಲ್ವರು ಎಲ್ಲಿ ನಿಲ್ಲಬೇಕು, ಯಾರಿಗೆ ಚೆಂಡು ಯಾವ ಕೈಗೆ ಬಂದರೆ ಇಷ್ಟ, ಎಲ್ಲ ತಿಳಿದಿರಬೇಕು. ಹತ್ತು ದಿನದಲ್ಲಿ ಸಿಗುವುದು ನಾಲ್ಕೈದು ಪಂದ್ಯ. ಅದರಲ್ಲಿ ಆಡಲು ಸಿಗುವುದು ಕೆಲವೇ ನಿಮಿಷ.

ನಮ್ಮ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿ ನೋಡಿದವರು ನಾವು. ಹೊನ್ನಾವರದ ಹತ್ತಿರ ಒಂದು ಆಟಕ್ಕೆ ಹೋದಾಗ ನಾನು ಚೌಕಿಯ ಬಾಗಿಲಲ್ಲಿ ನಿಂತಿದ್ದೆ. ಮೇಳದ ಕಲಾವಿದರೊಬ್ಬರಿಗೆ ಜ್ವರ. ಬದಲಿಗೆ ಬೇರೆ ಮೇಳದವರೊಬ್ಬರು ರಾತ್ರಿ ಎಂಟೂವರೆ ಬಸ್ಸಿಗೆ ಬಂದು ಇಳಿದರು. ಚೀಲ ಇಟ್ಟವರೇ ನೇರ ಭಾಗವತರ ಹತ್ತಿರ ಹೋಗಿ ಕೂತರು. "ಯಾವ ಪದ್ಯ ಬಿಡ್ತೀರಿ, ಯಾವುದು ಎತ್ತಿಕೊಳ್ತೀರಿ, ಎದುರು ವೇಷದವರು ಮಾತು ಜಾಸ್ತಿ ಆಡ್ತಾರೋ ಕುಣಿತವೋ?" ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಲೇ ಮೂರು ಮಂದಿಯ ಹತ್ತಿರ ಮೂರು ಪ್ರಶ್ನೆ ಕೇಳಿದರು. ರಂಗಕ್ಕೆ ಬಂದಾಗ ಅವರು ಆ ಮೇಳದವರಲ್ಲ ಅಂತ ನಮಗೆ ಯಾರಿಗೂ ಅನಿಸಲಿಲ್ಲ. ಓಲಿ ಮಾಡಿದ್ದೂ ಇದನ್ನೇ, ವರ್ಷಗಟ್ಟಲೆ. ಮೇಳದವರು ತಮ್ಮ ಸೀಸನ್‌ಗೆ ಬಳಸುವ 'ತಿರುಗಾಟ' ಅನ್ನುವ ಮಾತು ಇವರಿಗೆ ಚೆನ್ನಾಗಿ ಒಪ್ಪುತ್ತದೆ.

ತಿರುಗಾಟ

ಡಲ್ಲಾಸ್, ಒರ್ಲಾಂಡೊ, ಸ್ಯಾಕ್ರಮೆಂಟೊ, ಫಿಲಡೆಲ್ಫಿಯಾ, ನ್ಯೂಜೆರ್ಸಿ, ಷಿಕಾಗೊ, ಇಂಡಿಯಾನಾ, ಮಿಲ್ವಾಕಿ, ಸಿಯಾಟಲ್, ಕ್ಲೀವ್‌ಲ್ಯಾಂಡ್, ಮಿನೆಸೋಟ, ಒಕ್ಲಹೋಮ ಸಿಟಿ. ಕೆಲವು ಕಡೆ 12 ತಂಡ ಅಂತ ಓದುತ್ತೀರಿ, ಕೆಲವು ಕಡೆ 11. ಗಾಬರಿ ಬೇಡ. ಸಿಯಾಟಲ್ ತಂಡವೇ 2008ರಲ್ಲಿ ಒಕ್ಲಹೋಮ ಸಿಟಿಗೆ ಸ್ಥಳಾಂತರವಾಯಿತು. ಊರು ಎಣಿಸಿದರೆ 12, ಸಂಸ್ಥೆ ಎಣಿಸಿದರೆ 11.

ಎಲ್ಲ ತಂಡಗಳ ಬಗ್ಗೆ ಬರೆಯುವುದಿಲ್ಲ, ನಾಲ್ಕು ಕಡೆ ಮಾತ್ರ ನಿಲ್ಲೋಣ. 2000–01ರಲ್ಲಿ ಅವರು ಫಿಲಡೆಲ್ಫಿಯಾದಲ್ಲಿದ್ದರು. ಅದು ಅಲೆನ್ ಐವರ್ಸನ್ ಫೈನಲ್‌ವರೆಗೆ ಎಳೆದುಕೊಂಡು ಹೋದ ತಂಡ. 2003ರ ಫೆಬ್ರವರಿಯಲ್ಲಿ ಮಿಲ್ವಾಕಿ ತಂಡ ಗ್ಯಾರಿ ಪೇಟನ್ ಅವರನ್ನು ಪಡೆಯಲು ರೇ ಅಲೆನ್ ಅವರನ್ನು ಸಿಯಾಟಲ್‌ಗೆ ಬಿಟ್ಟುಕೊಟ್ಟಿತು. ಆ ದೊಡ್ಡ ವಿನಿಮಯದಲ್ಲಿ ಓಲಿ ಕೂಡ ಹೋದರು. ರೇ ಅಲೆನ್ ಮತ್ತು ಓಲಿ ಕಾಲೇಜಿನಲ್ಲೂ ಒಂದೇ ತಂಡದವರು. ಅದೇ ವರ್ಷ ಮುಂದಿನ ಸೀಸನ್‌ಗೆ ಕ್ಲೀವ್‌ಲ್ಯಾಂಡ್. ಅಲ್ಲಿ 18 ವರ್ಷದ ಹುಡುಗನೊಬ್ಬ ಮೊದಲ ಸೀಸನ್ ಆಡಲು ಬಂದಿದ್ದ, ಲೆಬ್ರಾನ್ ಜೇಮ್ಸ್.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಕೊನೆಯ ಸೀಸನ್, 2009–10, ಒಕ್ಲಹೋಮ ಸಿಟಿ. ಓಲಿಗೆ 37 ವರ್ಷ. ತಂಡದಲ್ಲಿ ಕೆವಿನ್ ಡುರಾಂಟ್, ರಸೆಲ್ ವೆಸ್ಟ್‌ಬ್ರೂಕ್, ಜೇಮ್ಸ್ ಹಾರ್ಡನ್. ಮುಂದೆ ದೊಡ್ಡ ತಾರೆಗಳಾದ ಈ ಮೂವರೂ ಆಗ ಇಪ್ಪತ್ತರ ಆಸುಪಾಸು. ಹಿಂದಿನ ವರ್ಷ ಆ ತಂಡ ಗೆದ್ದದ್ದು 82ರಲ್ಲಿ 23 ಪಂದ್ಯ. ಈ ವರ್ಷ 50. ಇದು ಓಲಿಯಿಂದಲೇ ಆಯಿತು ಅಂದರೆ ತಪ್ಪಾಗುತ್ತದೆ. ಅವರು ಅಂಗಳಕ್ಕೆ ಇಳಿದದ್ದೇ ಕಡಿಮೆ. ಆದರೆ ಆ ತಂಡದ ನಡೆನುಡಿಯನ್ನು ಬದಲಿಸಿದವರು ಓಲಿ ಅಂತ ಡುರಾಂಟ್ ಅವರೇ ಆಮೇಲೆ ಹೇಳಿದ್ದಾರೆ. ಅಭ್ಯಾಸಕ್ಕೆ ಎಷ್ಟು ಹೊತ್ತಿಗೆ ಬರಬೇಕು, ದೇಹವನ್ನು ಹೇಗೆ ನೋಡಿಕೊಳ್ಳಬೇಕು, ಸೋತ ರಾತ್ರಿ ಹೇಗೆ ಮಾತಾಡಬೇಕು, ಇಂಥವನ್ನು ಹುಡುಗರು ಕಲಿಯುವುದು ಪಕ್ಕದಲ್ಲಿ ಕೂತವರನ್ನು ನೋಡಿ. ನನ್ನ ಪ್ರಕಾರ ಓಲಿ ಕೋಚ್ ಆದದ್ದು ಆ ವರ್ಷವೇ. ಹುದ್ದೆಯ ಹೆಸರು ಆಮೇಲೆ ಬಂತು.

ಕೋಚ್ ಕುರ್ಚಿ

2010ರಲ್ಲಿ ಆಟ ಬಿಟ್ಟು ತಮ್ಮ ಹಳೆಯ ಕಾಲೇಜಿಗೆ ಸಹಾಯಕ ಕೋಚ್ ಆಗಿ ಹೋದರು. 2012ರ ಸೆಪ್ಟೆಂಬರ್‌ನಲ್ಲಿ ಕ್ಯಾಲ್ಹೂನ್ ನಿವೃತ್ತರಾದರು. ಕಾಲೇಜು ತಂಡಗಳ ರಾಷ್ಟ್ರೀಯ ಚಾಂಪಿಯನ್‌ಷಿಪ್ ಮೂರು ಸಲ ಗೆಲ್ಲಿಸಿದ್ದ ಗುರು. ಆ ಕುರ್ಚಿಯಲ್ಲಿ ಶಿಷ್ಯ ಕೂತರು. ಆದರೆ ಕೊಟ್ಟ ಕರಾರು ಬರೀ ಒಂದು ಸೀಸನ್‌ನದು, ಮುಂದಿನ ಏಪ್ರಿಲ್‌ವರೆಗೆ. ಹತ್ತು ದಿನದ ಕರಾರಿನ ಮನುಷ್ಯನಿಗೆ ಅದು ಹೊಸದೇನಲ್ಲ. ಡಿಸೆಂಬರ್ ಮುಗಿಯುವುದರೊಳಗೆ ವಿಶ್ವವಿದ್ಯಾಲಯ ಹಲವು ವರ್ಷದ ಕರಾರು ಮಾಡಿಕೊಂಡಿತು.

ಆ ಮೊದಲ ವರ್ಷ ತಂಡಕ್ಕೆ ಶಿಕ್ಷೆ ಇತ್ತು. ಆಟಗಾರರ ಓದಿನ ಫಲಿತಾಂಶ ಸಾಲದು ಅಂತ 2013ರ ರಾಷ್ಟ್ರೀಯ ಟೂರ್ನಿಗೆ ಪ್ರವೇಶ ಇರಲಿಲ್ಲ. ಅಂದರೆ ಎಷ್ಟು ಗೆದ್ದರೂ ಮುಂದೆ ಹೋಗಲಾಗದು ಅಂತ ಗೊತ್ತಿದ್ದೇ ಆಡಬೇಕು. 20 ಗೆದ್ದರು, 10 ಸೋತರು. ಕೋಚಿಂಗ್ ಕಲಿಯುವವರು ಈ 20ನ್ನು ಮುಂದಿನ ವರ್ಷದ ಕಪ್‌ಗಿಂತ ಕಡಿಮೆ ಅಂತ ನೋಡಬಾರದು. ಬಹುಮಾನವೇ ಇಲ್ಲದ ಕಡೆ ಹುಡುಗರನ್ನು ದಿನಾ ಬೆಳಿಗ್ಗೆ ಎಬ್ಬಿಸಿ ಓಡಿಸುವುದು ಸುಮ್ನೆ ಅಲ್ಲ. ಷಬಾಜ್ ನೇಪಿಯರ್ ಅನ್ನುವ ಗಾರ್ಡ್ ತಂಡ ಬಿಡದೆ ಉಳಿದರು.

2014ರಲ್ಲಿ ಟೂರ್ನಿಗೆ ತಮ್ಮ ವಲಯದ ಏಳನೇ ಶ್ರೇಯಾಂಕದಿಂದ ಬಂದರು. ಮೊದಲ ಪಂದ್ಯದಲ್ಲೇ ಸೇಂಟ್ ಜೋಸೆಫ್ಸ್ ವಿರುದ್ಧ ಹೆಚ್ಚುವರಿ ಸಮಯಕ್ಕೆ ಹೋಗಿ ಬಚಾವಾದರು. ಸೆಮಿಫೈನಲ್‌ನಲ್ಲಿ ಸತತ 30 ಪಂದ್ಯ ಗೆದ್ದು ಬಂದಿದ್ದ ಫ್ಲೋರಿಡಾವನ್ನು 63–53ರಿಂದ ಸೋಲಿಸಿದರು. ಏಪ್ರಿಲ್ 7ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ಫೈನಲ್, ಎದುರಿಗೆ ಕೆಂಟಕಿ. 60–54. ಏಳನೇ ಶ್ರೇಯಾಂಕದ ತಂಡ ಚಾಂಪಿಯನ್ ಆದದ್ದು ಅದೇ ಮೊದಲು. ನೇಪಿಯರ್ 22 ಅಂಕ ಗಳಿಸಿದರು.

ನಮ್ಮ ಗುಂಪಿನಲ್ಲಿ ನಾನು ಬೋರ್ಡ್ ಮೇಲೆ ದೊಡ್ಡದಾಗಿ ಬರೆದದ್ದು ಬೇರೆ ಅಂಕಿ. ಫ್ರೀ ಥ್ರೋ ಅಂದರೆ ಎದುರಾಳಿ ಫೌಲ್ ಮಾಡಿದಾಗ ಗೆರೆಯ ಮೇಲೆ ನಿಂತು, ಯಾರ ಅಡ್ಡಿಯೂ ಇಲ್ಲದೆ ಹಾಕುವ ಒಂದು ಅಂಕದ ಎಸೆತ. ಕನೆಕ್ಟಿಕಟ್‌ಗೆ ಸಿಕ್ಕ ಫ್ರೀ ಥ್ರೋ 10, ಹಾಕಿದ್ದು 10. ಕೆಂಟಕಿಗೆ ಸಿಕ್ಕಿದ್ದು 24, ಹಾಕಿದ್ದು 13. ತಪ್ಪಿದ್ದು 11, ಸೋತದ್ದು ಆರು ಅಂಕದಿಂದ. ಲೆಕ್ಕ ನೀವೇ ಮಾಡಿ.

ಇದು ನನ್ನ ಮನಸ್ಸಿಗೆ ತಾಗಲು ಕಾರಣ ಇದೆ. ನಾನು ಆಡುತ್ತಿದ್ದಾಗ ಒಂದು ಪಂದ್ಯವನ್ನು ಫ್ರೀ ಥ್ರೋ ಗೆರೆಯ ಮೇಲೇ ಕಳೆದುಕೊಂಡೆವು. ಕೊನೆಯ ನಿಮಿಷದಲ್ಲಿ ನನಗೆ ಎರಡು ಸಿಕ್ಕಿದ್ದವು, ಎರಡೂ ರಿಂಗ್‌ಗೆ ಬಡಿದು ಹೊರಗೆ ಬಿದ್ದವು. ವಾಪಸ್ ಬರುವಾಗ ದೇವಿಮನೆ ಘಟ್ಟದ ತಿರುವು ಮುಗಿಯುವವರೆಗೆ ಬಸ್ಸಿನಲ್ಲಿ ನಾನು ಯಾರ ಮುಖವನ್ನೂ ನೋಡಲಿಲ್ಲ. ನಾವು ಫ್ರೀ ಥ್ರೋ ಅಭ್ಯಾಸ ಮಾಡುತ್ತಿದ್ದೆವು, ಮಾಡಲಿಲ್ಲ ಅಂತಲ್ಲ. ಬೆಳಿಗ್ಗೆ ಎದ್ದು, ಉಸಿರು ಆರಾಮಾಗಿ ಇರುವಾಗ, ನಿಂತಲ್ಲೇ ಇಪ್ಪತ್ತು ಹಾಕುತ್ತಿದ್ದೆವು. ಪಂದ್ಯದಲ್ಲಿ ಆ ಗೆರೆಗೆ ಬರುವಾಗ ಕಾಲು ನಡುಗುತ್ತಿರುತ್ತದೆ, ಬೆವರು ಕಣ್ಣಿಗೆ ಇಳಿಯುತ್ತಿರುತ್ತದೆ.

ಅದಕ್ಕೇ ಈಗ ನಮ್ಮ ಮಕ್ಕಳ ಅಭ್ಯಾಸವನ್ನು ತಿರುಗಿಸಿದ್ದೇವೆ. ಸಂಜೆ, ಕಡಲ ಕಡೆಯಿಂದ ಪಡುಗಾಳಿ ಬೀಸುವ ಹೊತ್ತಿಗೆ. ಅಂಗಳದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಓಟ, ಕೂಡಲೇ ಗೆರೆಗೆ ಬಂದು ಎರಡೇ ಎರಡು ಎಸೆತ, ಮತ್ತೆ ಓಟ. ಮೊದಲ ದಿನ ಒಬ್ಬ ಹುಡುಗ ಚೆಂಡನ್ನು ಮೂರು ಸಲ ನೆಲಕ್ಕೆ ತಟ್ಟಿ, ಉಸಿರು ಬಿಟ್ಟು, ಗಾಳಿ ಸ್ವಲ್ಪ ಇಳಿಯಲಿ ಅಂತ ಕಾದು ಎಸೆದ. ಯಾರೂ ಹೇಳಿಕೊಟ್ಟಿರಲಿಲ್ಲ. ಚೆಂಡು ಬಲೆಯೊಳಗೆ ಬಿತ್ತು.

ಆಮೇಲಿನದು

ಇದನ್ನು ಬಿಟ್ಟರೆ ಟಿಪ್ಪಣಿ ಸುಳ್ಳಾಗುತ್ತದೆ. ಓಲಿ ಕಾಲೇಜಿನಲ್ಲಿ ಕಳೆದ ಕೊನೆಯ ಎರಡು ಸೀಸನ್ ಚೆನ್ನಾಗಿರಲಿಲ್ಲ. ಒಂದರಲ್ಲಿ 16 ಗೆಲುವು 17 ಸೋಲು, ಇನ್ನೊಂದರಲ್ಲಿ 14 ಮತ್ತು 18. 2018ರ ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ಅವರನ್ನು ತೆಗೆದುಹಾಕಿತು. ನಿಯಮ ಮೀರಿದ್ದಾರೆ ಅನ್ನುವ ಕಾರಣ ಕೊಟ್ಟು ಕರಾರಿನ ಉಳಿದ ಹಣ ಕೊಡಲು ಒಪ್ಪಲಿಲ್ಲ. 2019ರಲ್ಲಿ ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆ ಎನ್‌ಸಿಎಎ ಅವರ ಮೇಲೆ ಮೂರು ವರ್ಷದ ನಿರ್ಬಂಧ ಹಾಕಿತು. ಹಣದ ವಿವಾದ ಮಧ್ಯಸ್ಥಗಾರರ ಮುಂದೆ ಹೋಯಿತು. 2022ರ ಜನವರಿಯಲ್ಲಿ ತೀರ್ಪು ಓಲಿ ಪರ ಬಂತು. ತೆಗೆದುಹಾಕಿದ ರೀತಿ ಸರಿಯಿಲ್ಲ, 1.1 ಕೋಟಿ ಡಾಲರ್‌ಗೂ ಜಾಸ್ತಿ ಕೊಡಬೇಕು ಅಂತ.

ಆ ಎರಡು ಸೀಸನ್ ಯಾಕೆ ಹಾಗಾಯಿತು ಅಂತ ಗುಂಪಿನಲ್ಲಿ ಜೋರು ಚರ್ಚೆ ಆಯಿತು. ನನ್ನ ಅಭಿಪ್ರಾಯ ಇಷ್ಟು. ಇರುವ ಹುಡುಗರನ್ನು ಒಗ್ಗೂಡಿಸಿ ಗಟ್ಟಿ ಮಾಡುವುದು ಒಂದು ಕೆಲಸ. ವರ್ಷ ವರ್ಷ ಹೊಸಬರನ್ನು ಹುಡುಕಿ ತಂದು ತಂಡ ಕಟ್ಟುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಓಲಿ ತಮ್ಮ ತಿರುಗಾಟದಲ್ಲಿ ಕಲಿತಿದ್ದರು. ಎರಡನೆಯದನ್ನು ಕಲಿಯಲು ಆ ಜೀವನದಲ್ಲಿ ಅವಕಾಶವೇ ಇರಲಿಲ್ಲ. ಶಿರಸಿಯ ಗೆಳೆಯರೊಬ್ಬರು ಇದನ್ನು ಒಪ್ಪುವುದಿಲ್ಲ. ಅವರ ವಾದವನ್ನು ಅವರೇ ಬರೆಯಲಿ.

2021ರಲ್ಲಿ ಓಲಿ ಹದಿಹರೆಯದ ಆಟಗಾರರ ಓವರ್‌ಟೈಮ್ ಎಲೀಟ್ ಲೀಗ್ ಸೇರಿ ಆಟಗಾರರನ್ನು ಬೆಳೆಸುವ ಹೊಣೆ ಹೊತ್ತರು. 2023ರಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡದ ಸಹಾಯಕ ಕೋಚ್. 2024ರ ಫೆಬ್ರವರಿಯಲ್ಲಿ ಸೀಸನ್ ನಡುವೆ ಮುಖ್ಯ ಕೋಚ್ ಹೋದಾಗ ತಾತ್ಕಾಲಿಕವಾಗಿ ಇವರಿಗೆ ಜವಾಬ್ದಾರಿ ಕೊಟ್ಟರು. 28 ಪಂದ್ಯ, 11 ಗೆಲುವು. ಮತ್ತೆ ಒಂದು ಸಣ್ಣ ಕರಾರು.

ಮುಂದಿನ ವಾರ 2014ರ ಆ ಫೈನಲ್‌ನ ಕೊನೆಯ ಹತ್ತು ನಿಮಿಷವನ್ನು ಒಟ್ಟಿಗೆ ಕೂತು ನೋಡೋಣ. ಮೊದಲ ಸಲ ಚೆಂಡು ನೋಡಿ. ಎರಡನೇ ಸಲ ಚೆಂಡು ಬಿಡಿ, ಟೈಮ್‌ಔಟ್ ಸಿಕ್ಕಾಗೆಲ್ಲ ಓಲಿ ಯಾರ ಪಕ್ಕ ಹೋಗಿ ಕೂರುತ್ತಾರೆ ಅನ್ನುವುದನ್ನು ಬರೆದುಕೊಳ್ಳಿ.