ದೋಣಿಯ ಸಂಡಾಸ, ನಮ್ಮ ಗೋಬರ್ ಗ್ಯಾಸ್

ನಮ್ಮ ಅಣ್ಣನ ಮಗ ಗೋವಾದಲ್ಲಿ ಹಾಯಿದೋಣಿ ರಿಪೇರಿ ಮಾಡುತ್ತಾನೆ. ಹಬ್ಬಕ್ಕೆ ಚೋರ್ಲಾ ಘಾಟ್ ಹತ್ತಿ ಬೆಳಗಾವಿಗೆ ಬಂದಿದ್ದ. ದೋಣಿಯಲ್ಲಿ ಜಾಸ್ತಿ ತಲೆನೋವಿನ ಕೆಲಸ ಯಾವುದಪ್ಪಾ ಎಂದು ಕೇಳಿದೆ. ಹಾಯಿ, ಬಿರುಗಾಳಿ ಎಂದು ಏನೋ ಹೇಳುತ್ತಾನೆ ಅಂದುಕೊಂಡಿದ್ದೆ. "ಸಂಡಾಸದ ವಾಸನಿ, ಕಾಕಾ" ಅಂದ. ಎದುರಿಗೆ ಹೋಳಿಗೆ ತಟ್ಟೆ ಇತ್ತು. ಮನೆಯವರು ಕಣ್ಣು ಬಿಟ್ಟರು. ನಾವು ಮಾತು ನಿಲ್ಲಿಸಲಿಲ್ಲ.

ದೋಣಿಯ ಸಂಡಾಸಕ್ಕೆ ಹೆಚ್ಚಾಗಿ ಕಡಲ ನೀರೇ. ಕೈಪಂಪು ಒತ್ತಿದರೆ ಒಂದು ಪೈಪಿನಲ್ಲಿ ನೀರು ಬರುತ್ತದೆ, ಇನ್ನೊಂದರಲ್ಲಿ ಹೊಲಸು ಟಾಕಿಗೆ ಹೋಗುತ್ತದೆ. ತಮಾಷೆ ಏನೆಂದರೆ, ಹದಿನೈದು ದಿನ ಬೀಗ ಹಾಕಿದ್ದ ದೋಣಿಗೆ ಹೋಗಿ ಮೊದಲ ಸಲ ಪಂಪು ಒತ್ತಿದರೆ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಅಷ್ಟು ದಿನ ಯಾರೂ ಒಳಗೇ ಹೋಗಿಲ್ಲ!

ತಪ್ಪು ನೀರು ತರುವ ಪೈಪಿನದು. ಕಡಲ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಿರುತ್ತವೆ. ನಿಂತ ನೀರಿನಲ್ಲಿ ಅವು ಸತ್ತು ಕೊಳೆಯುತ್ತವೆ, ಇದ್ದ ಆಮ್ಲಜನಕ ಖರ್ಚಾಗುತ್ತದೆ. ಆಗ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ಅವಕ್ಕೆ ಆಮ್ಲಜನಕದ ಬದಲು ಸಲ್ಫೇಟ್ ಸಾಕು. ಲೀಟರ್ ಕಡಲ ನೀರಿನಲ್ಲಿ ಅದು ಸುಮಾರು 2.7 ಗ್ರಾಂ ಇರುತ್ತದೆ. ಅದನ್ನು ಬಳಸಿ ಅವು ಹೊರಬಿಡುವುದೇ ಹೈಡ್ರೋಜನ್ ಸಲ್ಫೈಡ್, ಅಂದರೆ ಆ ಮೊಟ್ಟೆ ನಾತ. ಬೀಗ ಹಾಕುವ ಮುನ್ನ ಪೈಪಿನಲ್ಲಿ ಸಿಹಿನೀರು ತುಂಬಿಟ್ಟರೆ ಈ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ.

ಈ ಅನಿಲ ನೂರು ಕೋಟಿ ಭಾಗ ಗಾಳಿಯಲ್ಲಿ ಕೆಲವೇ ಭಾಗ ಇದ್ದರೂ ನಮ್ಮ ಮೂಗು ಹಿಡಿಯುತ್ತದೆ. ಆದರೆ ಹತ್ತು ಲಕ್ಷಕ್ಕೆ ನೂರು ಭಾಗ ದಾಟಿದರೆ ಮೂಗೇ ಸತ್ತಂತಾಗುತ್ತದೆ. ಮ್ಯಾನ್‌ಹೋಲ್‌ನಲ್ಲಿ ವಾಸನೆ ಇಲ್ಲ ಎಂದು ಯಾರೂ ಇಳಿಯಬಾರದು ಅನ್ನುವುದು ಇದಕ್ಕೇ.

ಟಾಕಿಯ ಕಥೆ ಹೇಳಿದಾಗ ನನಗೆ ನಮ್ಮ ಹಳ್ಳಿಯ ಗೋಬರ್ ಗ್ಯಾಸ್ ಗುಂಡಿ ನೆನಪಾಯಿತು. ಅಲ್ಲಿ ಗಾಳಿ ಹೋಗಬಾರದು. ಗಾಳಿ ಇಲ್ಲದಿದ್ದರೇ ಒಲೆ ಉರಿಸುವ ಮೀಥೇನ್ ಹುಟ್ಟುವುದು. ದೋಣಿಯ ಟಾಕಿಯಲ್ಲಿ ಇದರ ತಿರುವುಮುರುವು ಆಗಬೇಕು. ಗಾಳಿ ಸಿಕ್ಕರೆ ಆಮ್ಲಜನಕ ಬಳಸುವ ಬ್ಯಾಕ್ಟೀರಿಯಾ ಮೇಲುಗೈ ಪಡೆಯುತ್ತವೆ. ಅವು ಬಿಡುವುದು ಹೆಚ್ಚಾಗಿ ವಾಸನೆಯಿಲ್ಲದ ಇಂಗಾಲದ ಡೈಆಕ್ಸೈಡ್. ಅದಕ್ಕೆ ಟಾಕಿಯ ಗಾಳಿಕೊಳವೆ ದಪ್ಪಗಿರಬೇಕು, ಆದಷ್ಟು ನೆಟ್ಟಗಿರಬೇಕು. ದೋಣಿಯ ಎರಡೂ ಬದಿಗೆ ಒಂದೊಂದಿದ್ದರೆ ಇನ್ನೂ ಚಲೋ. ಕೆಲವರು ವಾಸನೆ ಹೊರಗೆ ಬರಬಾರದೆಂದು ಕೊಳವೆಗೆ ಇದ್ದಿಲಿನ ಫಿಲ್ಟರ್ ಹಾಕುತ್ತಾರೆ. ಅದು ನೆನೆದರೆ ಬಿರಡೆಯಾಗಿ ಕೂರುತ್ತದೆ, ಟಾಕಿ ಗೋಬರ್ ಗ್ಯಾಸ್ ಗುಂಡಿಯೇ ಆಗುತ್ತದೆ. ಬ್ಲೀಚ್ ಸುರಿದರೆ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತವೆ. ರೂಮ್ ಫ್ರೆಶ್ನರ್ ಹೊಡೆದರೆ? ಮಲ್ಲಿಗೆ ಮುಡಿದ ನಾತ, ಅಷ್ಟೇ.

ಟಾಕಿ ಚೊಕ್ಕಟವಿದ್ದೂ ವಾಸನೆ ಬಂದರೆ ಪೈಪಿನ ರಬ್ಬರಿನ ಮೇಲೆ ಅನುಮಾನ. ವರ್ಷಗಟ್ಟಲೆ ಹೊಲಸು ನಿಂತರೆ ವಾಸನೆ ಅದರ ಗೋಡೆಯಿಂದಲೇ ಸೋಸಿ ಬರುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಪೈಪಿಗೆ ಸುತ್ತಬೇಕು. ತಣ್ಣಗಾದ ಮೇಲೆ ಬಿಚ್ಚಿ ಮೂಸಬೇಕು. ಬಟ್ಟೆ ನಾತ ಹೊಡೆದರೆ ಪೈಪು ಬದಲಿಸುವುದೊಂದೇ ದಾರಿ.

"ನಮ್ಮ ಮ್ಯಾಲಿನ ಬಚ್ಚಲಾನೂ ನಾರತದಪಾ" ಎಂದೆ. ಬೇಸಿಗೆಯಿಡೀ ಅದನ್ನು ಯಾರೂ ಬಳಸಿರಲಿಲ್ಲ. ಅವನು ಕೈ ತೊಳೆದು ಮೇಲೆ ಹೋದ. ನೆಲದ ಜಾಲರಿ ಎತ್ತಿ ಕೆಳಗಿನ ಬಾಗಿದ ಕೊಳವೆ, ಅಂದರೆ ಟ್ರ್ಯಾಪ್, ನೋಡಿದ. ಟ್ರ್ಯಾಪ್‌ನಲ್ಲಿ ನಿಂತಿರಬೇಕಾದ ನೀರು ಪೂರ್ತಿ ಆರಿತ್ತು. ಗಟಾರದ ಗಾಳಿಗೆ ಅಡ್ಡ ಏನೂ ಇರಲಿಲ್ಲ. ಒಂದು ತಂಬಿಗೆ ನೀರು ಸುರಿದ, ಮೇಲೆ ಒಂದು ಚಮಚ ಅಡುಗೆ ಎಣ್ಣೆ. ನೀರು ಬೇಗ ಆರಬಾರದಲ್ವಾ, ಅದಕ್ಕೆ.