ಲೇಔಟಿನಿಂದ ವಿಧಾನಸೌಧಕ್ಕೆ: ಬೆಂಗಳೂರಿನ ನಿವೇಶನ ರಾಜಕಾರಣದ ಹಿನ್ನೆಲೆ

ವಿಜಯನಗರ ಕ್ಷೇತ್ರದ ಶಾಸಕ ಎಂ. ಕೃಷ್ಣಪ್ಪ ಅವರನ್ನು ಬೆಂಗಳೂರಿನ ಜನ ಗುರುತಿಸುವುದು 'ಲೇಔಟ್ ಕೃಷ್ಣಪ್ಪ' ಎಂದು. ಹೆಸರಿನ ಹಿಂದೆ ಊರಿನದೋ ತಂದೆಯದೋ ಅಕ್ಷರ ಸೇರಿಸಿಕೊಳ್ಳುವ ನಾಡಿನಲ್ಲಿ, ಬಡಾವಣೆ ಕಟ್ಟುವ ಕಸುಬೇ ಒಬ್ಬರ ಇನಿಷಿಯಲ್ ಆಗಿಬಿಟ್ಟಿದೆ. ಅವರು 2008ರಿಂದ ಸತತ ನಾಲ್ಕು ಬಾರಿ ಆ ಕ್ಷೇತ್ರದಲ್ಲಿ ಗೆದ್ದಿದ್ದಾರೆ. 2016ರಲ್ಲಿ ವಸತಿ ಸಚಿವರಾದರು. ಅವರ ಮಗ, ಗೋವಿಂದರಾಜನಗರದ ಶಾಸಕ ಪ್ರಿಯಕೃಷ್ಣ, 2023ರ ಚುನಾವಣಾ ಪ್ರಮಾಣಪತ್ರದಲ್ಲಿ ಘೋಷಿಸಿದ ಆಸ್ತಿ ಸುಮಾರು 1,156 ಕೋಟಿ ರೂಪಾಯಿ. ಹೊಸಕೋಟೆಯ ಎಂ.ಟಿ.ಬಿ. ನಾಗರಾಜ್ ಅವರ ಘೋಷಣೆ 2018ರಲ್ಲಿ ಸುಮಾರು 1,015 ಕೋಟಿ ಇದ್ದದ್ದು 2023ರ ಹೊತ್ತಿಗೆ 1,609 ಕೋಟಿಗೆ ಏರಿತ್ತು. ಅವರೂ ಕೆಲಕಾಲ ವಸತಿ ಸಚಿವರಾಗಿದ್ದವರು. ಮಂತ್ರಿಗೆ ಸಿಗುವುದೂ ಖಾತೆ, ಸೈಟಿಗೆ ಸಿಗುವುದೂ ಖಾತೆ; ಕನ್ನಡದಲ್ಲಿ ಎರಡಕ್ಕೂ ಒಂದೇ ಪದವಿರುವುದು ಕಾಕತಾಳೀಯವೇ ಇರಬಹುದು.

ಇವರ ಮೇಲೆ ಆರೋಪ ಹೊರಿಸುವುದು ಈ ಲೇಖನದ ಉದ್ದೇಶವಲ್ಲ. ನಿವೇಶನ ಮಾಡುವವರು ಜನಪ್ರತಿನಿಧಿಗಳಾಗುವುದು ಬೆಂಗಳೂರಿನ ಸುತ್ತ ಇಷ್ಟು ಸಹಜವಾದದ್ದು ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ದುಡ್ಡಿನ ಬಲ ಎಂಬ ಉತ್ತರ ಸುಲಭವಾದುದು, ಆದರೆ ಅರ್ಧ ಮಾತ್ರ ಸರಿ.

ನಗರಕ್ಕೆ ಸೈಟು ಒದಗಿಸುವ ಹೊಣೆಯನ್ನು ಮೊದಲು ಹೊತ್ತದ್ದು ಸರ್ಕಾರವೇ. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಬಂತು. 1976ರಲ್ಲಿ ಅದರ ಜಾಗದಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹುಟ್ಟಿತು. ಅದೇ ವರ್ಷ ನಗರ ಭೂಮಿತಿ ಕಾಯ್ದೆಯೂ ಜಾರಿಯಾದ್ದರಿಂದ ಖಾಸಗಿಯವರು ದೊಡ್ಡ ಜಾಗ ಇಟ್ಟುಕೊಂಡು ಬಡಾವಣೆ ಮಾಡುವ ದಾರಿ ಕಿರಿದಾಯಿತು. ಬಿಡಿಎ ಹಂಚುವ ನಿವೇಶನಗಳಿಗೂ ಅರ್ಜಿ ಹಾಕಿ ಕಾಯುವವರ ಸಂಖ್ಯೆಗೂ ತಾಳೆಯೇ ಆಗಲಿಲ್ಲ. ಆ ತೆರವನ್ನು ತುಂಬಲು 1980ರ ದಶಕದಲ್ಲಿ ಮುಂದೆ ಬಂದವು ಗೃಹನಿರ್ಮಾಣ ಸಹಕಾರ ಸಂಘಗಳು. ಸಂಘದ ಸದಸ್ಯರಿಗಾಗಿ ರೈತರ ಜಮೀನನ್ನು ಸರ್ಕಾರವೇ ಸ್ವಾಧೀನ ಮಾಡಿಕೊಡಬೇಕಿತ್ತು. ಅಧಿಸೂಚನೆ ಹೊರಡಿಸುವ ಕೆಲಸ ತಾನಾಗಿ ಆಗುವುದಲ್ಲವಾದ್ದರಿಂದ, ಅದನ್ನು 'ಮಾಡಿಸಿಕೊಡುವ' ಮಧ್ಯವರ್ತಿಗಳು ಹುಟ್ಟಿಕೊಂಡರು.

ಎಚ್‌ಎಂಟಿ ನೌಕರರ ಗೃಹನಿರ್ಮಾಣ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ ನೀಡಿದ ತೀರ್ಪು ಈ ವ್ಯವಹಾರವನ್ನು ಬಯಲಿಗೆ ತಂದಿತು. ಸ್ವಾಧೀನದ ಅಧಿಸೂಚನೆಗಳನ್ನು ಸರ್ಕಾರದಿಂದ ಹೊರಡಿಸಿಕೊಡುವುದಾಗಿ ಮಧ್ಯವರ್ತಿಯೊಬ್ಬರು ಸಂಘದೊಂದಿಗೆ ಬರವಣಿಗೆಯಲ್ಲೇ ಕರಾರು ಮಾಡಿಕೊಂಡಿದ್ದರು. ರಾಜ್ಯಾಧಿಕಾರದ ಸಹಿಗೆ ದರಪಟ್ಟಿ ಇದ್ದಂತಾಯಿತು. ನ್ಯಾಯಾಲಯ ಆ ಸ್ವಾಧೀನವನ್ನು ರದ್ದುಪಡಿಸಿದ್ದನ್ನು ಎತ್ತಿಹಿಡಿಯಿತು. ಆದರೆ ಸರ್ಕಾರಿ ಕಚೇರಿಯಲ್ಲಿ ಕಡತ ಚಲಿಸುವಂತೆ ಮಾಡಬಲ್ಲವನೇ ನಿಜವಾದ ಡೆವಲಪರ್ ಎಂಬ ಪಾಠವನ್ನು ಕಸುಬು ಅಷ್ಟರಲ್ಲಿ ಕಲಿತಾಗಿತ್ತು.

ಇದರ ಜೊತೆಗೇ ಬೆಳೆದದ್ದು ರೆವಿನ್ಯೂ ಲೇಔಟು, ಅಂದರೆ ಅನುಮತಿಯಿಲ್ಲದೆ ಕೃಷಿ ಜಮೀನಿನಲ್ಲೇ ಮಾಡುವ ಬಡಾವಣೆ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವುದನ್ನು ತಡೆದಿದ್ದವು; ಕೃಷಿಯೇತರ ಬಳಕೆಗೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯ ಅನುಮತಿ ಬೇಕಿತ್ತು. ಆದ್ದರಿಂದ ಜಮೀನು ರೈತನ ಹೆಸರಿನಲ್ಲೇ ಉಳಿಯುತ್ತಿತ್ತು. ಅಗ್ರಿಮೆಂಟು ಮತ್ತು ಜಿಪಿಎ (ಮಾಲೀಕನ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಮಾತ್ರ ಲೇಔಟ್ ಮಾಡುವವನ ಕೈಗೆ ಬರುತ್ತಿತ್ತು. ಲೆಕ್ಕ ನೋಡಿ. ಒಂದು ಎಕರೆಯೆಂದರೆ ನಲವತ್ತು ಗುಂಟೆ, 43,560 ಚದರಡಿ. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯಗಳಿಗೆ ನಿಯಮದಂತೆ ಜಾಗ ಬಿಟ್ಟರೆ ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಮೂವತ್ತು ಅಡಿಗೆ ನಲವತ್ತು ಅಡಿಯ ಸೈಟುಗಳು ಇಪ್ಪತ್ತರಷ್ಟು. ಉದ್ಯಾನವನ್ನು ಕೈಬಿಟ್ಟು ರಸ್ತೆಯನ್ನು ಇಪ್ಪತ್ತು ಅಡಿಗೆ ಇಳಿಸಿದರೆ ಅದೇ ಎಕರೆಯಲ್ಲಿ ಇಪ್ಪತ್ತೈದು ದಾಟುತ್ತವೆ. ರಾಗಿ ಕೊಯ್ದ ಹೊಲದಲ್ಲಿ ಸುಣ್ಣದ ಗೆರೆ ಎಳೆದು, ಮೂಲೆಮೂಲೆಗೆ ಕಲ್ಲು ನೆಟ್ಟು, ಕಂತಿನಲ್ಲಿ ಮಾರಿದ ಆ ಸೈಟನ್ನು ಕೊಂಡವರು ಕಾರ್ಖಾನೆ ಕಾರ್ಮಿಕರು, ಆಟೊ ಓಡಿಸುವವರು, ಕೆಳಹಂತದ ನೌಕರರು. ಬಿಡಿಎ ಸರದಿಯಲ್ಲಿ ಎಂದೂ ಮುಂದಕ್ಕೆ ಸರಿಯದವರು.

ಸೈಟು ಮಾರಿದ ಮೇಲೆಯೇ ರಾಜಕಾರಣ ಆರಂಭವಾಗುತ್ತದೆ. ಮನೆ ಕಟ್ಟಿದವರಿಗೆ ಕರೆಂಟಿನ ಮೀಟರು ಬೇಕು, ಬೋರ್‌ವೆಲ್ ಬೇಕು, ಚರಂಡಿ ಬೇಕು. ಎಲ್ಲಕ್ಕಿಂತ ಮಿಗಿಲಾಗಿ ನಾಳೆ ಜೆಸಿಬಿ ಬರುವುದಿಲ್ಲವೆಂಬ ಭರವಸೆ ಬೇಕು. ಕಾಗದ ಪಕ್ಕಾ ಇದ್ದಿದ್ದರೆ ಅವರು ನೇರ ಕಚೇರಿಗೇ ಹೋಗುತ್ತಿದ್ದರು. ಪಕ್ಕಾ ಇಲ್ಲದ್ದರಿಂದ ಸೈಟು ಕೊಟ್ಟ 'ಅಣ್ಣ'ನ ಮನೆ ಬಾಗಿಲಿಗೆ ಹೋದರು. ಪಾಲಿನ ಜಗಳ ಬಗೆಹರಿಸುವುದು, ಪಂಚಾಯಿತಿಯಲ್ಲಿ ಖಾತೆ ಮಾಡಿಸುವುದು, ಗಣೇಶೋತ್ಸವಕ್ಕೆ ಚಂದಾ ಕೊಡುವುದು, ಎಲ್ಲವೂ ಅವನ ಪಾಲಿಗೆ ಬಂತು. ಟಿಕೆಟ್ ಕೇಳುವ ಎಷ್ಟೋ ವರ್ಷ ಮೊದಲೇ ಅವನು ಜನಪ್ರತಿನಿಧಿಯಾಗಿದ್ದ.

ಉಳಿದದ್ದನ್ನು ಗಡಿರೇಖೆಗಳು ಮಾಡಿದವು. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಲಕ್ಷಾಂತರ ಮತದಾರರಿದ್ದ ಉತ್ತರಹಳ್ಳಿಯಂತಹ ಬೃಹತ್ ಕ್ಷೇತ್ರ ಒಡೆದುಹೋಗಿ, ನಗರದ ಸ್ಥಾನಗಳು 28ಕ್ಕೆ ಏರಿದವು. ಹೊಸ ಕ್ಷೇತ್ರಗಳಲ್ಲಿ ಹಲವು ಇದ್ದದ್ದು ಹೊಸ ಬಡಾವಣೆಗಳ ಮೇಲೆಯೇ. ಅದೇ ಕಾಲದಲ್ಲಿ ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿ, ಬೆಂಗಳೂರು ನಗರ ಜಿಲ್ಲೆಯಲ್ಲಿ 27 ಸಾವಿರ ಎಕರೆಗೂ ಮೀರಿ ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂದು ವರದಿ ಕೊಟ್ಟಿತು. ವರದಿಯ ಮೇಲೆ ನಡೆದ ಚರ್ಚೆಗೆ ಹೋಲಿಸಿದರೆ ತೆರವಾದದ್ದು ಅಲ್ಪ.

ಕಾನೂನು ಅಂದಿನಿಂದ ಲೇಔಟಿನ ಹಿಂದೆಯೇ ನಡೆದಿದೆ. ಜಿಪಿಎ ಮೂಲಕ ಒಡೆತನ ವರ್ಗವಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿತು. ನಿಯಮ ಮೀರಿದ ಕಟ್ಟಡ, ಬಡಾವಣೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಅಕ್ರಮ–ಸಕ್ರಮ ಯೋಜನೆಯನ್ನು 2016ರಲ್ಲಿ ಹೈಕೋರ್ಟ್ ಎತ್ತಿಹಿಡಿದರೂ ಮರುತಿಂಗಳೇ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿತ್ತು. 79ಎ, 79ಬಿ ಕಲಮುಗಳನ್ನು 2020ರಲ್ಲಿ ಸರ್ಕಾರವೇ ತೆಗೆದುಹಾಕಿತು. 2017ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾ, ನೋಂದಾಯಿಸಿದ ಯೋಜನೆಗಳಿಗೆ ಮೂಗುದಾರ ಹಾಕಿದೆ. ಆದರೆ ಸುಣ್ಣದ ಗೆರೆಯ ಲೇಔಟು ನೋಂದಣಿಯ ತಂಟೆಗೇ ಹೋಗುವುದಿಲ್ಲ.

2025ರಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ಕಾಗದ ಪಕ್ಕಾ ಇಲ್ಲದ ಆಸ್ತಿಗಳ ಬಿ ಖಾತೆಯನ್ನು ಪೂರ್ಣ ಮಾನ್ಯತೆಯ ಎ ಖಾತೆಯಾಗಿ ಮಾಡಿಕೊಡುವ ಯೋಜನೆಯೂ ಘೋಷಣೆಯಾಗಿದೆ. ಅರ್ಜಿ ಆನ್‌ಲೈನ್. ಆದರೂ ಲಾಗಿನ್ ಆಗಲು ಬಾರದವರು, ಕ್ರಯಪತ್ರದಲ್ಲಿ ಸರ್ವೆ ನಂಬರು ತಪ್ಪಾಗಿರುವವರು, ಮೂಲ ಮಾಲೀಕನ ಮಕ್ಕಳ ಸಹಿ ಬೇಕಾದವರು ಕಾಗದದ ಕವರು ಹಿಡಿದು ಹೋಗುವುದು ಇನ್ನೂ ಅದೇ ಅಣ್ಣನ ಮನೆ ಬಾಗಿಲಿಗೆ.