ಗ್ರಂಥಾಲಯ ವಿಸ್ತರಣಾ ಸೇವೆ: ಬಾರದವರ ಮನೆಗೆ ಹೋಗುವ ವಾಚನಾಲಯ

ಗ್ರಂಥಾಲಯಕ್ಕೆ ಬರಲಾಗದವರು, ಬರಲು ಹಿಂಜರಿಯುವವರು ಮತ್ತು ಅಲ್ಲಿ ತಮಗೆ ಬೇಕಾದ್ದೇನೂ ಇರಲಾರದೆಂದು ಭಾವಿಸಿ ದೂರ ಉಳಿದವರು ಇರುವಲ್ಲಿಗೇ ಗ್ರಂಥಾಲಯ ಹೋಗಿ, ಪುಸ್ತಕ, ಮಾಹಿತಿ ಮತ್ತು ಓದಿನ ಒಡನಾಟವನ್ನು ನಿಯತವಾಗಿ ಒದಗಿಸುವ ವ್ಯವಸ್ಥೆಗೆ ವಿಸ್ತರಣಾ ಸೇವೆ ಎನ್ನುತ್ತಾರೆ. ಈ ಹೆಸರನ್ನು ಸಡಿಲವಾಗಿ ಬಳಸುವುದೂ ಉಂಟು. ವಾಚನಾ ದಿನದ ಭಾಷಣ, ಓಣಂ ಹಬ್ಬದ ಸ್ಪರ್ಧೆ, ಪುಸ್ತಕ ಪ್ರದರ್ಶನ ಇವೆಲ್ಲ ಗ್ರಂಥಾಲಯ ಮಾಡಬೇಕಾದ ಕೆಲಸಗಳೇ; ಆದರೆ ಅವುಗಳಿಗೆ ಸೇರುವವರು ಹೆಚ್ಚಾಗಿ ಹೇಗೂ ಬರುವವರೇ ಆಗಿರುತ್ತಾರೆ. ಇಲ್ಲಿ ವಿವರಿಸುತ್ತಿರುವ ಅರ್ಥದಲ್ಲಿ ವಿಸ್ತರಣಾ ಸೇವೆಯು ಆರಂಭವಾಗುವುದು ಸದಸ್ಯರ ಪಟ್ಟಿಯಿಂದಲ್ಲ, ಆ ಪಟ್ಟಿಯಲ್ಲಿ ಯಾರ ಹೆಸರು ಇಲ್ಲ ಎಂಬ ವಿಚಾರಣೆಯಿಂದ.

ಕಲ್ಪನೆ ಹೊಸದಲ್ಲ. ಬರೋಡಾ ಸಂಸ್ಥಾನದಲ್ಲಿ ಮೂರನೆಯ ಸಯ್ಯಾಜಿರಾವ್ ಗಾಯಕವಾಡರ ಕಾಲದಲ್ಲೇ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಹಳ್ಳಿಗಳಿಗೆ ಕಳುಹಿಸುತ್ತಿದ್ದರು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯ ಸುತ್ತಮುತ್ತ ಎತ್ತಿನಗಾಡಿಯ ಸಂಚಾರಿ ಗ್ರಂಥಾಲಯ ಓಡಾಡಿತು. ಅದೇ ವರ್ಷ ಪ್ರಕಟವಾದ ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ ಅವರ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ಎರಡನೆಯದು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂದೂ ಮೂರನೆಯದು ಪ್ರತಿಯೊಂದು ಪುಸ್ತಕಕ್ಕೂ ಅದರ ಓದುಗ ಸಿಗಬೇಕೆಂದೂ ಹೇಳುತ್ತವೆ. ಈ ಎರಡನ್ನೂ ಗಂಭೀರವಾಗಿ ಪರಿಗಣಿಸಿದರೆ, ಓದುಗ ತಾನಾಗಿ ಬರಲಿ ಎಂದು ಮೇಜಿನ ಹಿಂದೆ ಕುಳಿತಿರುವುದು ಗ್ರಂಥಪಾಲಕನ ಅರ್ಧ ಕೆಲಸ ಮಾತ್ರ. ಯುನೆಸ್ಕೋದ 1994ರ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆಯು ಇನ್ನಷ್ಟು ಸ್ಪಷ್ಟವಾಗಿದೆ: ಸಾಮಾನ್ಯ ಸೇವೆಯನ್ನು ಬಳಸಲಾಗದ ಭಾಷಾ ಅಲ್ಪಸಂಖ್ಯಾತರು, ಅಂಗವಿಕಲರು, ಆಸ್ಪತ್ರೆ ಮತ್ತು ಸೆರೆಮನೆಗಳಲ್ಲಿರುವವರು ಇವರಿಗಾಗಿ ಪ್ರತ್ಯೇಕ ಸೇವೆ ಮತ್ತು ಸಾಮಗ್ರಿಯನ್ನು ಒದಗಿಸಲೇಬೇಕೆಂದು ಅದು ಹೇಳುತ್ತದೆ.

ಆ ಸಾಲಿನಲ್ಲಿ ಭಾಷಾ ಅಲ್ಪಸಂಖ್ಯಾತರ ಹೆಸರು ಇರುವುದು ಕಾಸರಗೋಡಿನ ಕನ್ನಡಿಗರಿಗೆ ಬರೀ ಕಾಗದದ ಮಾತಲ್ಲ. ಕೇರಳದ ಗ್ರಂಥಾಲಯ ಚಳವಳಿ ದೊಡ್ಡದು, ಪಿ. ಎನ್. ಪಣಿಕ್ಕರ್ ಅವರ ನೇತೃತ್ವದಲ್ಲಿ 1945ರಲ್ಲಿ ತಿರುವಿತಾಂಕೂರಿನಲ್ಲಿ ಆರಂಭವಾದ ಗ್ರಂಥಶಾಲಾ ಸಂಘದಿಂದ ಬೆಳೆದು, 1989ರ ಕಾಯ್ದೆಯ ಮೂಲಕ ರಾಜ್ಯ ಲೈಬ್ರರಿ ಕೌನ್ಸಿಲ್‌ನ ರೂಪ ಪಡೆದ ವ್ಯವಸ್ಥೆ ಅದು. ಮಹಿಳೆಯರಿಗೂ ಹಿರಿಯರಿಗೂ ಮನೆಬಾಗಿಲಲ್ಲೇ ಪುಸ್ತಕ ಕೊಡುವ ‘ವನಿತಾ ವಯೋಜನ ಪುಸ್ತಕ ವಿತರಣಾ ಯೋಜನೆ’ಯನ್ನು ಕೌನ್ಸಿಲ್ ರೂಪಿಸಿದೆ. ಯೋಜನೆ ಒಳ್ಳೆಯದೇ. ಆದರೆ 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮುನ್ನ ದಕ್ಷಿಣ ಕನ್ನಡದ ಶಾಲೆಗಳಲ್ಲಿ ಅಕ್ಷರ ಕಲಿತ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆಯ ಹಿರಿಯರು ಓದುವುದು ಕನ್ನಡವನ್ನು. ಚೀಲದಲ್ಲಿ ಮಲಯಾಳದ ಪುಸ್ತಕವಷ್ಟೇ ಇದ್ದರೆ, ಗ್ರಂಥಾಲಯ ಅವರ ಜಗಲಿಯವರೆಗೆ ಬಂದೂ ಅವರನ್ನು ಮುಟ್ಟಿದಂತಾಗುವುದಿಲ್ಲ.

ಒಂಟಿತನಕ್ಕೆ ಇಲ್ಲಿ ಭೂಗೋಳವೂ ಕಾರಣ. ಮನೆಗಳು ಒತ್ತೊತ್ತಾಗಿಲ್ಲ, ಒಂದು ಅಡಿಕೆ ತೋಟದ ತುದಿಯಲ್ಲಿ ಒಂದು, ಗುಡ್ಡ ಹತ್ತಿಳಿದ ಮೇಲೆ ಇನ್ನೊಂದು. ಮಕ್ಕಳು ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಇರುವ ವೃದ್ಧ ದಂಪತಿಗಳಿಗೆ ಮಳೆಗಾಲದ ಜಾರುವ ಓಣಿಯನ್ನು ದಾಟಿ ಬಸ್ಸಿನ ರಸ್ತೆಗೆ ಬರುವುದೇ ದೊಡ್ಡ ಸಾಹಸ. ಇದಕ್ಕಿಂತ ಕಠಿಣವಾದದ್ದು ಎಂಡೋಸಲ್ಫಾನ್ ಎಂಬ ಕೀಟನಾಶಕದಿಂದ ಪೀಡಿತವಾದ ಕುಟುಂಬಗಳ ತಾಯಂದಿರ ಸ್ಥಿತಿ. ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದ ಸಿಂಪಡಣೆ ನಿಂತು ವರ್ಷಗಳೇ ಕಳೆದರೂ, ಹಾಸಿಗೆ ಹಿಡಿದ ಮಗನನ್ನೋ ಮಗಳನ್ನೋ ಬಿಟ್ಟು ಒಂದು ಗಂಟೆಯೂ ಹೊರಗೆ ಹೋಗಲಾರದ ತಾಯಂದಿರು ಈ ಗ್ರಾಮಗಳಲ್ಲಿದ್ದಾರೆ. ಅವರನ್ನು ‘ಓದುವ ಆಸಕ್ತಿ ಇಲ್ಲದವರು’ ಎಂದು ಗಣಿಸುವುದು ಅನ್ಯಾಯ. ಕೊರಗ ಆದಿವಾಸಿ ಸಮುದಾಯದ ವಸತಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತಲೆಮಾರುಗಳಿಂದ ಸಾರ್ವಜನಿಕ ಕಟ್ಟಡಗಳಿಂದ ದೂರ ಇರಿಸಲ್ಪಟ್ಟವರು ‘ಎಲ್ಲರಿಗೂ ಸ್ವಾಗತ’ ಎಂಬ ಫಲಕ ನೋಡಿದ ಕೂಡಲೇ ಒಳಗೆ ಬಂದು ಕುಳಿತುಕೊಳ್ಳುತ್ತಾರೆಂದು ನಿರೀಕ್ಷಿಸಲಾಗದು.

ಇಂಥವರನ್ನು ಗುರುತಿಸಲು ಗ್ರಂಥಪಾಲಕ ಹೊಸ ಸಮೀಕ್ಷೆ ನಡೆಸಬೇಕಾಗಿಲ್ಲ. ಆಶಾ ಕಾರ್ಯಕರ್ತೆ, ಹಾಸಿಗೆ ಹಿಡಿದವರ ಆರೈಕೆಗೆ ಮನೆಮನೆಗೆ ಹೋಗುವ ಪಾಲಿಯೇಟಿವ್ ನರ್ಸ್, ಅಂಗನವಾಡಿ ಟೀಚರ್, ಕುಟುಂಬಶ್ರೀ ಎಂಬ ಮಹಿಳಾ ಸ್ವಸಹಾಯ ಯೋಜನೆಯ ನೆರೆಕರೆ ಕೂಟದ ಸದಸ್ಯೆಯರು ಇವರಿಗೆ ಯಾರ ಮನೆಯಲ್ಲಿ ಯಾರು ಒಂಟಿಯಾಗಿದ್ದಾರೆಂಬುದು ಮೊದಲೇ ತಿಳಿದಿರುತ್ತದೆ. ಆದರೆ ಅವರು ಮೊದಲು ಆ ಮನೆಯವರನ್ನೇ ಕೇಳಿ, ಒಪ್ಪಿದ ಮೇಲಷ್ಟೇ ಹೆಸರನ್ನು ಗ್ರಂಥಾಲಯಕ್ಕೆ ತಿಳಿಸಬೇಕು. ಕಾಯಿಲೆಯ ವಿವರ ಗ್ರಂಥಾಲಯದ ರಿಜಿಸ್ಟರಿಗೆ ಬರಕೂಡದು. ಅಲ್ಲಿ ಬೇಕಾದದ್ದು ಅವರು ಯಾವ ಭಾಷೆ ಓದುತ್ತಾರೆ, ಎಂಥ ಪುಸ್ತಕ ಇಷ್ಟ, ಯಾವ ಹೊತ್ತಿಗೆ ಹೋದರೆ ಅನುಕೂಲ ಎಂಬಿಷ್ಟೇ. ಅವರ ಸದಸ್ಯತ್ವವೂ ಉಳಿದವರಂಥದ್ದೇ ಆಗಿರಬೇಕು, ದಾನ ಪಡೆಯುವವರ ಪ್ರತ್ಯೇಕ ಪಟ್ಟಿಯಲ್ಲ.

ಒಂದು ಭೇಟಿಯನ್ನು ಹತ್ತಿರದಿಂದ ಊಹಿಸಿಕೊಳ್ಳೋಣ. ಗ್ರಂಥಪಾಲಕಿ ಬಟ್ಟೆಚೀಲದಲ್ಲಿ ಏಳೆಂಟು ಪುಸ್ತಕ, ಒಂದು ಇಶ್ಯೂ ರಿಜಿಸ್ಟರ್ ಹಿಡಿದು ಬರುತ್ತಾಳೆ. ಅಜ್ಜಿ ಹಳೆಯ ಕಾದಂಬರಿಯನ್ನು ಮರಳಿಸುತ್ತಾ, “ದಪ್ಪ ಅಕ್ಷರದ್ದು ಉಂಟಾ ಮಗಳೇ? ಇದು ಕಣ್ಣಿಗೆ ಹಿಡಿಯುವುದಿಲ್ಲ” ಎನ್ನುತ್ತಾರೆ. ಆ ಮಾತು ರಿಜಿಸ್ಟರಿನ ಷರಾ ಅಂಕಣಕ್ಕೆ ಹೋಗುತ್ತದೆ, ಅಲ್ಲಿಂದ ಮುಂದಿನ ಖರೀದಿಯ ಪಟ್ಟಿಗೆ ಹೋಗಬೇಕು. ಮತ್ತೆ ಪಂಚಾಯತಿನಿಂದ ಬಂದ ಮಲಯಾಳದ ಕಾಗದವೊಂದು ಹೊರಬರುತ್ತದೆ: ಪಿಂಚಣಿದಾರರು ಬದುಕಿರುವುದನ್ನು ದೃಢಪಡಿಸುವ ಮಸ್ಟರಿಂಗ್‌ಗೆ ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಬೇಕೆಂಬ ಸೂಚನೆ. ಅದನ್ನು ಓದಿ ಕನ್ನಡದಲ್ಲಿ ತಿಳಿಸುವುದು ಗ್ರಂಥಾಲಯದ ಕೆಲಸವೇ ಎಂದು ಕೆಲವರು ಕೇಳಬಹುದು. ಹೌದು, ಕೆಲಸವೇ, ಮಾಹಿತಿಯನ್ನು ತಲುಪಿಸುವುದು ಪುಸ್ತಕ ತಲುಪಿಸುವುದಕ್ಕಿಂತ ಕಡಿಮೆಯದೇನಲ್ಲ.

ಕಣ್ಣು ಪೂರ್ತಿ ಕೈಕೊಟ್ಟವರಿಗೆ ಓದಿ ಹೇಳುವವರು ಬೇಕು. ಯಕ್ಷಗಾನದ ನಾಡಾದ ಇಲ್ಲಿ ಪ್ರಸಂಗದ ಪದಗಳನ್ನು ಗಟ್ಟಿಯಾಗಿ ಓದಿ ಅರ್ಥ ಹೇಳುವ ರೂಢಿ ಇನ್ನೂ ಮಾಸಿಲ್ಲವಾದ್ದರಿಂದ ಅಂಥ ಸ್ವಯಂಸೇವಕರು ಸಿಗುವುದು ಅಷ್ಟು ಕಷ್ಟವೂ ಅಲ್ಲ. ಧ್ವನಿಮುದ್ರಣಕ್ಕೂ ದಾರಿ ಇದೆ: ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು, ಅಂಗವೈಕಲ್ಯದಿಂದ ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಲಾಭದ ಉದ್ದೇಶವಿಲ್ಲದೆ ಕೃತಿಯನ್ನು ಅವರಿಗೆ ಒಗ್ಗುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಇದೇ ಉದ್ದೇಶದ ಅಂತಾರಾಷ್ಟ್ರೀಯ ಮರ‍್ರಕೇಶ್ ಒಪ್ಪಂದವನ್ನು 2014ರಲ್ಲಿ ಮೊತ್ತಮೊದಲು ಅನುಮೋದಿಸಿದ ದೇಶವೂ ಭಾರತವೇ.

ಇಂಥ ಸೇವೆ ಸೋಲುವುದು ಸಾಮಾನ್ಯವಾಗಿ ಹಣದ ಕೊರತೆಯಿಂದ ಎನ್ನುತ್ತಾರೆ. ನನಗೆ ಕಾಣುವಂತೆ ಅದಕ್ಕಿಂತ ಹೆಚ್ಚಾಗಿ ಅನಿಯತತೆಯಿಂದ. ಉದ್ಘಾಟನೆಯ ದಿನ ಹತ್ತು ಮಂದಿ ಹೋಗಿ ಫೋಟೋ ತೆಗೆಸಿಕೊಂಡು, ಮುಂದಿನ ತಿಂಗಳು ಯಾರೂ ಹೋಗದಿದ್ದರೆ, ಕಾಯುತ್ತಾ ಕುಳಿತವರು ಮೊದಲಿಗಿಂತಲೂ ಒಂಟಿಯಾಗುತ್ತಾರೆ. ಹದಿನೈದು ದಿನಕ್ಕೊಮ್ಮೆ, ಗೊತ್ತಾದ ದಿನ, ಸಾಧ್ಯವಾದಷ್ಟೂ ಅದೇ ವ್ಯಕ್ತಿ ಎಂಬ ಕ್ರಮ ಇರಬೇಕು. ಅಲ್ಪ ಗೌರವಧನಕ್ಕೆ ದುಡಿಯುವ ಗ್ರಾಮೀಣ ಗ್ರಂಥಪಾಲಕರಿಗೆ ಈ ಅಲೆದಾಟದ ಖರ್ಚನ್ನಾದರೂ ಪ್ರತ್ಯೇಕವಾಗಿ ಕೊಡಬೇಕು. ವರ್ಷದ ವರದಿಯಲ್ಲಿ ಎಷ್ಟು ಪುಸ್ತಕ ಹೊರಹೋಯಿತೆಂಬ ಲೆಕ್ಕದ ಜೊತೆಗೆ, ಎಷ್ಟು ಮನೆಗಳಿಗೆ ಭೇಟಿ ತಪ್ಪಿತು, ಕೇಳಿದ ಎಷ್ಟು ಕನ್ನಡ ಪುಸ್ತಕಗಳನ್ನು ಕೊಡಲಾಗಲಿಲ್ಲ ಎಂಬ ಲೆಕ್ಕವೂ ಇದ್ದರೆ, ತಾಲೂಕು ಲೈಬ್ರರಿ ಕೌನ್ಸಿಲ್‌ನ ಮುಂದೆ ಕನ್ನಡ ಪುಸ್ತಕಗಳ ಬೇಡಿಕೆ ಇಡಲು ಆ ಗ್ರಂಥಾಲಯದ ಕೈಯಲ್ಲಿ ಆಧಾರವಿರುತ್ತದೆ.